ಹಾರಾಟ ಪರೀಕ್ಷೆಯ ಟೆಲಿಮೆಟ್ರಿ (ವಿಮಾನದ ಅಳತೆಗಳನ್ನು ರೇಡಿಯೊದಲ್ಲಿ ನೆಲಕ್ಕೆ ಕಳಿಸುವುದು): ತಿರುವಿನಲ್ಲಿ ಡೇಟಾ ಹೋಗುತ್ತಿದೆ, ಡಿಶ್ ದೊಡ್ಡದು ಮಾಡಬೇಕೋ ಬೇರೇನಾದರೂ ನೋಡಬೇಕೋ?

ನೆಲಕೇಂದ್ರ:
ಸೆಟಪ್ ಮೊದಲು ಹೇಳಿಬಿಡುತ್ತೇನೆ. ವಿಮಾನದಲ್ಲಿ 10 ವ್ಯಾಟ್ ಟ್ರಾನ್ಸ್‌ಮಿಟರ್, 2250 ಮೆಗಾಹರ್ಟ್ಸ್, ಪಿಸಿಎಂ/ಎಫ್‌ಎಂ (ಬಿಟ್‌ಗೆ ತಕ್ಕಂತೆ ಫ್ರೀಕ್ವೆನ್ಸಿ ಸರಿಸುವ ಬಗೆ), ಸೆಕೆಂಡಿಗೆ 5 ಮೆಗಾಬಿಟ್. ಸಮಪಾಲಿನ ಸ್ಪ್ಲಿಟರ್ ಮೂಲಕ ಬೆನ್ನಿನ ಮೇಲೊಂದು, ಹೊಟ್ಟೆಯಡಿ ಒಂದು ಬ್ಲೇಡ್ ಆಂಟೆನಾ. ನೆಲದಲ್ಲಿ 2.4 ಮೀಟರ್ ಡಿಶ್, ಕಾನ್‌ಸ್ಕ್ಯಾನ್ ಫೀಡ್ (ಬೀಮನ್ನು ಸುತ್ತಿಸಿ ವಿಮಾನದ ದಿಕ್ಕು ಹಿಡಿಯುವಂಥದ್ದು), ಬಲ ಮತ್ತು ಎಡ ವೃತ್ತೀಯ ಧ್ರುವೀಕರಣಕ್ಕೆ ಎರಡು ರಿಸೀವರ್ ಚಾನೆಲ್, ಅದರ ಮುಂದೆ ಎರಡನ್ನೂ ಕೂಡಿಸುವ ಕಂಬೈನರ್.

ತೊಂದರೆ ಮೂರು. 80ರಿಂದ 120 ಕಿಲೋಮೀಟರ್ ದೂರದಲ್ಲಿ ವಿಮಾನ ವಾಲಿ ತಿರುಗುವಾಗ ಡೇಟಾ ತುಂಡುತುಂಡಾಗಿ ಬರುತ್ತದೆ. ಡಿಶ್ ಎಲಿವೇಷನ್ (ದಿಗಂತದಿಂದ ಮೇಲಿನ ಕೋನ) 3 ಡಿಗ್ರಿಗಿಂತ ಕೆಳಗಿಳಿದರೆ ಸಿಗ್ನಲ್ ನಿಧಾನವಾಗಿ ಏರಿಳಿಯುತ್ತದೆ, ಡಿಶ್ ತಲೆ ಆಡಿಸುತ್ತದೆ. ಇನ್ನು ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಮೇಲೆ ನಿಂತಿರುವಾಗ ಸಿಗ್ನಲ್ ಭರ್ಜರಿ, ಆದರೂ ಫ್ರೇಮ್ ಲಾಕ್ (ಡೇಟಾದ ಕಟ್ಟುಗಳ ಗಡಿ ಹಿಡಿಯುವುದು) ನಿಲ್ಲುವುದಿಲ್ಲ. ಟ್ರಾನ್ಸ್‌ಮಿಟರ್ ಬಾಯಲ್ಲಿ ವಿಎಸ್‌ಡಬ್ಲ್ಯುಆರ್ (ಪವರ್ ಎಷ್ಟು ವಾಪಸ್ ಪುಟಿಯುತ್ತಿದೆ ಅನ್ನುವ ಅಳತೆ, 1 ಅಂದರೆ ಏನೂ ಪುಟಿಯುತ್ತಿಲ್ಲ) 1.5 ತೋರಿಸುತ್ತಿದೆ, ಹಾಗಾಗಿ ವಿಮಾನದ ಕಡೆ ಸರಿ ಇದೆ ಅಂದುಕೊಂಡಿದ್ದೇವೆ. ಖರ್ಚಿಗೆ ಒಪ್ಪಿಗೆ ಒಂದಕ್ಕೇ ಸಿಗುವುದು: 3.7 ಮೀಟರ್ ಡಿಶ್ ಅಥವಾ 20 ವ್ಯಾಟ್ ಟ್ರಾನ್ಸ್‌ಮಿಟರ್. ಯಾವುದು?

ಡೆಸಿಬೆಲ್_ಲೆಕ್ಕ:
ಎರಡೂ ಬೇಡ. ಲೆಕ್ಕ ನೋಡಿ.

ಮುಕ್ತ ಆಕಾಶದ ನಷ್ಟ = 32.44 + 20 ಲಾಗ್ (ಮೆಗಾಹರ್ಟ್ಸ್) + 20 ಲಾಗ್ (ಕಿಲೋಮೀಟರ್). 2250ಕ್ಕೆ, 200 ಕಿಲೋಮೀಟರ್‌ಗೆ 145.5 ಡಿಬಿ (ಡೆಸಿಬೆಲ್: 3 ಅಂದರೆ ಸುಮಾರು ಎರಡು ಪಟ್ಟು, 10 ಅಂದರೆ ಹತ್ತು ಪಟ್ಟು). 10 ವ್ಯಾಟ್ ಅಂದರೆ 10 ಡಿಬಿಡಬ್ಲ್ಯು (1 ವ್ಯಾಟ್‌ಗೆ ಹೋಲಿಸಿದ ಡಿಬಿ). ಸ್ಪ್ಲಿಟರ್‌ಗೆ 3, ಕೇಬಲ್‌ಗೆ 2 ಕಳೆಯಿರಿ. ವಿಮಾನದ ಆಂಟೆನಾ ಕೆಟ್ಟ ಕೋನದಲ್ಲಿ ಮೈನಸ್ 10 ಡಿಬಿಐ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಗೆ ಹೋಲಿಸಿದ ಗೇನ್) ಅಂತ ಹಿಡಿಯಿರಿ. ಹೊರಡುವುದು ಮೈನಸ್ 5 ಡಿಬಿಡಬ್ಲ್ಯು. ನಿಮ್ಮ ಡಿಶ್ ಶೇಕಡಾ 55 ದಕ್ಷತೆಯಲ್ಲಿ 32.5 ಡಿಬಿಐ ಕೊಡುತ್ತದೆ. ಸಿಸ್ಟಂ ಶಬ್ದ ತಾಪ 200 ಕೆಲ್ವಿನ್ ಅಂದರೆ ಜಿ/ಟಿ (ಗೇನ್‌ಗೂ ಶಬ್ದ ತಾಪಕ್ಕೂ ಅನುಪಾತ) 9.5. ರೇಖೀಯ ಆಂಟೆನಾ ಸಿಗ್ನಲನ್ನು ಒಂದೇ ವೃತ್ತೀಯ ಚಾನೆಲ್‌ನಲ್ಲಿ ಹಿಡಿದರೆ 3 ಡಿಬಿ ಹೋಗುತ್ತದೆ. ಎಲ್ಲ ಕೂಡಿಸಿ 228.6 (ಬೋಲ್ಟ್ಸ್‌ಮನ್ ಸ್ಥಿರಾಂಕದ ಪಾಲು) ಸೇರಿಸಿದರೆ ಸಿ/ಎನ್‌ಸೊನ್ನೆ (ಸಿಗ್ನಲ್‌ಗೂ ಪ್ರತಿ ಹರ್ಟ್ಸ್‌ನ ಶಬ್ದಕ್ಕೂ ಅನುಪಾತ) 84.6. ಅದರಿಂದ 5 ಮೆಗಾಬಿಟ್‌ನ 67 ಕಳೆದರೆ ಇಬಿ/ಎನ್‌ಸೊನ್ನೆ (ಅದೇ ಅನುಪಾತ, ಒಂದು ಬಿಟ್‌ಗೆ) 17.6 ಡಿಬಿ. ಸಾಮಾನ್ಯ ಎಫ್‌ಎಂ ಡಿಮಾಡ್ಯುಲೇಟರ್‌ಗೆ ಸುಮಾರು 12 ಸಾಕು. ಅಂದರೆ 200 ಕಿಲೋಮೀಟರ್‌ನಲ್ಲೂ ಐದೂವರೆ ಡಿಬಿ ಕೈಯಲ್ಲಿದೆ, 100 ಕಿಲೋಮೀಟರ್‌ನಲ್ಲಿ ಹನ್ನೊಂದೂವರೆ.

3.7 ಮೀಟರ್ ಡಿಶ್ ಸೇರಿಸುವುದು 3.8 ಡಿಬಿ. 20 ವ್ಯಾಟ್ ಸೇರಿಸುವುದು 3. ಈಗಿರುವ ಹನ್ನೊಂದೂವರೆಯನ್ನೇ ನುಂಗುತ್ತಿರುವ ಗುಂಡಿ 20-30 ಡಿಬಿಯದು. ಅದಕ್ಕೆ ಇನ್ನು ಮೂರು ಡಿಬಿ ಸುರಿದು ಏನು ಪ್ರಯೋಜನ?

ಖರೀದಿಗೆ ಮುಂಚೆ ಎರಡೂ ಚಾನೆಲ್‌ಗಳ ಎಜಿಸಿ (ರಿಸೀವರ್ ಗೇನನ್ನು ತಾನೇ ಹೊಂದಿಸುವ ವ್ಯವಸ್ಥೆ, ಸಿಗ್ನಲ್ ಮಟ್ಟ ಅದರಲ್ಲಿ ಕಾಣುತ್ತದೆ), ಇಬಿ/ಎನ್‌ಸೊನ್ನೆ, ಫ್ರೇಮ್ ಲಾಕ್ ಸ್ಥಿತಿ, ಡಿಶ್‌ನ ಅಜಿಮತ್ (ಅಡ್ಡ ದಿಕ್ಕಿನ ಕೋನ), ಎಲಿವೇಷನ್ ಇಷ್ಟನ್ನೂ ಐರಿಗ್ (ಪರೀಕ್ಷಾ ಕೇಂದ್ರಗಳ ಪ್ರಮಾಣಿತ) ಸಮಯದೊಂದಿಗೆ ಸೆಕೆಂಡಿಗೆ ಕನಿಷ್ಠ 100 ಸಲ ರೆಕಾರ್ಡ್ ಮಾಡಿ. ಆಮೇಲೆ ಪ್ರತಿ ಕಡಿತಕ್ಕೂ ಒಂದೇ ಪ್ರಶ್ನೆ ಹಾಕಿ: ಸಿಗ್ನಲ್ ಇಲ್ಲದೆ ಡೇಟಾ ಹೋಯಿತೋ, ಸಿಗ್ನಲ್ ಇದ್ದೂ ಹಾಳಾಯಿತೋ? ನಿಮ್ಮ ಮೂರು ತೊಂದರೆಗಳಿಗೆ ಉತ್ತರ ಒಂದೇ ಆಗಿರಲಾರದು.

ಬ್ಲೇಡ್_ಜೋಡಿ:
ತಿರುವಿನ ತೊಂದರೆ ಎರಡು ಆಂಟೆನಾ ಜಗಳ, ನೂರಕ್ಕೆ ತೊಂಬತ್ತು ಪಾಲು. ಒಂದೇ ಸಿಗ್ನಲ್ ಎರಡು ಕಡೆಯಿಂದ ಹೊರಡುತ್ತದೆ, ನೆಲದಲ್ಲಿ ಎದುರು ಫೇಸ್‌ನಲ್ಲಿ ಸೇರಿದಾಗ ಒಂದನ್ನೊಂದು ಅಳಿಸುತ್ತದೆ. 2250ರಲ್ಲಿ ತರಂಗಾಂತರ 13.3 ಸೆಂಟಿಮೀಟರ್. ಆಂಟೆನಾಗಳ ನಡುವೆ 2 ಮೀಟರ್ ಅಂತರ ಅಂದರೆ 15 ತರಂಗಾಂತರ. ಎರಡೂ ಸಮನಾಗಿ ಕಾಣುವ ಬದಿಯಲ್ಲಿ ಸುಮಾರು 3.8 ಡಿಗ್ರಿಗೊಂದು ನಲ್ (ಸಿಗ್ನಲ್ ಅಳಿಸಿಹೋಗುವ ಕೋನ). ಸೆಕೆಂಡಿಗೆ 10 ಡಿಗ್ರಿ ರೋಲ್ ಇದ್ದರೆ ಸೆಕೆಂಡಿಗೆ ಎರಡು-ಮೂರು ನಲ್ ನಿಮ್ಮ ಡಿಶ್ ಮೇಲೆ ಹಾದುಹೋಗುತ್ತವೆ. ಪ್ರತಿ ಸಲವೂ ಬಿಟ್ ಸಿಂಕ್, ಫ್ರೇಮ್ ಸಿಂಕ್ ಮರಳಿ ಹಿಡಿಯಬೇಕು. ತುಂಡುತುಂಡು ಅಂದಿರಲ್ಲ, ಅದು ಇದೇ.

ಕಡಿಮೆ ಖರ್ಚಿನ ಮದ್ದು: ಸಮಪಾಲಿನ ಸ್ಪ್ಲಿಟರ್ ತೆಗೆದು 10 ಡಿಬಿ ಡೈರೆಕ್ಷನಲ್ ಕಪ್ಲರ್ (ಪವರ್‌ನ ಹತ್ತರಲ್ಲೊಂದು ಪಾಲನ್ನು ಬೇರೆ ದಾರಿಗೆ ತೆಗೆಯುವ ಭಾಗ) ಹಾಕಿ. ನೇರ ದಾರಿ ಹೊಟ್ಟೆಯಡಿಯ ಆಂಟೆನಾಗೆ, ಕಪಲ್ ಆದ ದಾರಿ ಮೇಲಿನದಕ್ಕೆ. ಉಳಿಯುವ ಪೋರ್ಟ್‌ಗೆ 50 ಓಮ್ ಲೋಡ್ ಇರಲೇಬೇಕು, ಅದಕ್ಕೆ ಹಿಂದೆ ಬರುವ ಪವರ್ ತಡೆಯುವ ರೇಟಿಂಗೂ ಇರಬೇಕು. ಆಗ ಹಂಚಿಕೆ 90-10, ಅಂದರೆ ವೋಲ್ಟೇಜಿನಲ್ಲಿ 3ಕ್ಕೆ 1. ಎರಡೂ ಆಂಟೆನಾ ಸಮ ಗೇನ್‌ನಲ್ಲಿ ಕಾಣುವ ಕೋನದಲ್ಲಿ ಏರಿಳಿತ 6 ಡಿಬಿಗೆ ಇಳಿಯುತ್ತದೆ. ಹೊಟ್ಟೆಯ ಆಂಟೆನಾಗೆ ಎರಡೂವರೆ ಡಿಬಿ ಲಾಭವೂ ಆಗುತ್ತದೆ.

ನಲ್ ಮಾಯವಾಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಮೇಲಿನ ಆಂಟೆನಾದ ಗೇನ್ ಹೊಟ್ಟೆಯದಕ್ಕಿಂತ ಒಂಬತ್ತೂವರೆ ಡಿಬಿ ಜಾಸ್ತಿ ಇರುವ ಕೋನಕ್ಕೆ ಅವು ಜಾಗ ಬದಲಿಸುತ್ತವೆ, ಅಂದರೆ ರೆಕ್ಕೆಯ ಮಟ್ಟದಿಂದ ಮೇಲಕ್ಕೆ. ಮಟ್ಟಸ ಹಾರಾಟದಲ್ಲಿ, ಸಾಧಾರಣ ತಿರುವಿನಲ್ಲಿ ಡಿಶ್ ಆ ಕೋನದಲ್ಲಿ ಇರುವುದಿಲ್ಲ. ಬೆನ್ನು ಪೂರ್ತಿ ನಿಮ್ಮ ಕಡೆ ತಿರುಗಿದರೆ ಮೇಲಿನದು ಒಂದೇ ಕೆಲಸ ಮಾಡುತ್ತದೆ, ಅದು ಈಗಿನದಕ್ಕಿಂತ 7 ಡಿಬಿ ಕಡಿಮೆ. 100 ಕಿಲೋಮೀಟರ್‌ನಲ್ಲಿ ಅದನ್ನು ತಡೆದುಕೊಳ್ಳುವಷ್ಟು ಮಾರ್ಜಿನ್ ಮೇಲಿನ ಲೆಕ್ಕದಲ್ಲೇ ಇದೆ. 200ರಲ್ಲಿ ಕಂಬೈನರ್ ಒಂದೇ ಚಾನೆಲ್‌ನಲ್ಲಿ ಹೋಗುವ ಆ 3 ಡಿಬಿಯನ್ನು ಸರಿಯಾಗಿ ವಾಪಸ್ ತಂದರೆ ಮಾತ್ರ.

ಒಂದೇ_ಆಂಟೆನಾ:
ಮೇಲಿನದನ್ನು ಕಿತ್ತೇ ಹಾಕಿದರೆ ಆಗದೆ? ಜಗಳವೇ ಇರುವುದಿಲ್ಲ.

ಬ್ಲೇಡ್_ಜೋಡಿ:
ದೊಡ್ಡ ವಿಮಾನ, ವಾಲುವುದು ಕಡಿಮೆ, ನೆಲಕೇಂದ್ರ ಯಾವಾಗಲೂ ಕೆಳಗೆ ಅನ್ನುವಂತಿದ್ದರೆ ಆಗುತ್ತದೆ. ಫೈಟರ್ ಅಥವಾ ಟ್ರೇನರ್‌ನಲ್ಲಿ ಆಗದು. ಬೆನ್ನು ನಮ್ಮ ಕಡೆ ಬಂದ ಗಳಿಗೆಯೇ ಪರೀಕ್ಷೆಯ ಮುಖ್ಯ ಗಳಿಗೆಯಾಗಿರುತ್ತದೆ. ಇನ್ನೊಂದು: ಲ್ಯಾಂಡಿಂಗ್ ಗೇರ್ ಇಳಿದಾಗ, ಹೊಟ್ಟೆಯಡಿ ಟ್ಯಾಂಕ್ ನೇತುಹಾಕಿದಾಗ ಕೆಳಗಿನ ಆಂಟೆನಾ ನೆರಳಿಗೆ ಬೀಳುತ್ತದೆ.

ಪೂರ್ತಿ ಪರಿಹಾರ ಬೇಕಾದರೆ ಸ್ಪೇಸ್-ಟೈಮ್ ಕೋಡಿಂಗ್. ಐರಿಗ್ 106 ಅನ್ನುವ ಟೆಲಿಮೆಟ್ರಿ ಮಾನದಂಡದಲ್ಲೇ ಸೇರಿದೆ. ಟ್ರಾನ್ಸ್‌ಮಿಟರ್‌ಗೆ ಒಂದೇ ಫ್ರೀಕ್ವೆನ್ಸಿಯ ಎರಡು ಔಟ್‌ಪುಟ್, ಒಂದೊಂದರಲ್ಲೂ ಬೇರೆ ಕ್ರಮದಲ್ಲಿ ಕೋಡ್ ಆದ ಸಿಗ್ನಲ್. ರಿಸೀವರ್ ಎರಡನ್ನೂ ಬೇರ್ಪಡಿಸಿ ಕೂಡಿಸುತ್ತದೆ. ಪ್ರತಿ 3200 ಬಿಟ್‌ಗೆ 128 ಪೈಲಟ್ ಬಿಟ್ (ರಿಸೀವರ್‌ಗೆ ಮೊದಲೇ ಗೊತ್ತಿರುವ ಬಿಟ್) ಸೇರುವುದರಿಂದ ಶೇಕಡಾ 4 ಹೆಚ್ಚುವರಿ. ಆದರೆ ಇದು ಎಸ್‌ಒಕ್ಯುಪಿಎಸ್‌ಕೆ (ಫೇಸ್ ಬದಲಿಸಿ ಬಿಟ್ ಕಳಿಸುವ ಬಗೆ) ಮೇಲೆ ನಡೆಯುವುದು, ಪಿಸಿಎಂ/ಎಫ್‌ಎಂ ಮೇಲಲ್ಲ. ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ಬದಲಾಗಬೇಕು. 20 ವ್ಯಾಟ್‌ಗೆ ಇಟ್ಟ ದುಡ್ಡನ್ನು ಇತ್ತ ತಿರುಗಿಸಲಾದರೆ ನನ್ನ ಮತ ಇದಕ್ಕೇ.

ಶೂನ್ಯ_ದೋಷ:
ಎಲ್‌ಡಿಪಿಸಿ (ದೋಷ ತಿದ್ದುವ ಕೋಡ್) ಹಾಕಿದರೆ ನಲ್ ತುಂಬುತ್ತದೆ ಎಂದು ಯಾರಾದರೂ ಹೇಳುವ ಮುಂಚೆ ನಾನೇ ಹೇಳುತ್ತೇನೆ, ತುಂಬುವುದಿಲ್ಲ. 4096 ಬಿಟ್‌ನ ಬ್ಲಾಕ್ 5 ಮೆಗಾಬಿಟ್‌ನಲ್ಲಿ 0.8 ಮಿಲಿಸೆಕೆಂಡ್. ನಲ್ ಹತ್ತಾರು ಮಿಲಿಸೆಕೆಂಡ್ ಇರುತ್ತದೆ. ಅಷ್ಟು ಹೊತ್ತಿಗೆ ಬ್ಲಾಕ್‌ಗಳೇ ಸಾಲುಸಾಲಾಗಿ ಹೋಗಿರುತ್ತವೆ. ದೂರದ ಅಂಚಿನಲ್ಲಿ, ಸಿಗ್ನಲ್ ಒಂದೇ ಸಮ ಕ್ಷೀಣವಾಗಿರುವಾಗ ಅದು ನಿಜವಾಗಿ ದುಡಿಯುತ್ತದೆ.

ಟಿಎನ್‌ಸಿ_ಬಿಗಿ:
"ಟ್ರಾನ್ಸ್‌ಮಿಟರ್ ಬಾಯಲ್ಲಿ ವಿಎಸ್‌ಡಬ್ಲ್ಯುಆರ್ 1.5, ವಿಮಾನದ ಕಡೆ ಸರಿ ಇದೆ" ಅನ್ನುವುದನ್ನು ನಂಬಬೇಡಿ. ನಷ್ಟವುಳ್ಳ ಕೇಬಲ್ ಹಾಳಾದ ಆಂಟೆನಾವನ್ನು ಮುಚ್ಚಿಹಾಕುತ್ತದೆ. ಹೋಗುವಾಗ 5 ಡಿಬಿ, ತಿರುಗಿ ಬರುವಾಗ 5 ಡಿಬಿ: ತುದಿಯಲ್ಲಿ ಆಂಟೆನಾನೇ ಇಲ್ಲದಿದ್ದರೂ ರಿಟರ್ನ್ ಲಾಸ್ (ಪುಟಿದು ಬಂದ ಪವರ್ ಎಷ್ಟು ಕಡಿಮೆ ಅನ್ನುವುದು) 10 ಡಿಬಿ, ವಿಎಸ್‌ಡಬ್ಲ್ಯುಆರ್ 1.9 ತೋರಿಸುತ್ತದೆ. ನಡುವೆ ಸ್ಪ್ಲಿಟರ್ ಇದ್ದರೆ ಇನ್ನೂ ಚಂದ ಕಾಣುತ್ತದೆ. ಆರ್‌ಜಿ-400 ಕೇಬಲ್ ಎಸ್-ಬ್ಯಾಂಡ್‌ನಲ್ಲಿ (ನಿಮ್ಮ 2250 ಇರುವ ಪಟ್ಟಿ) ಮೀಟರ್‌ಗೆ 0.6ರಿಂದ 0.7 ಡಿಬಿ ತಿನ್ನುತ್ತದೆ. 8 ಮೀಟರ್ ಓಡಿಸಿದ್ದರೆ 5 ಡಿಬಿ ಅಲ್ಲೇ ಹೋಯಿತು, ಡೆಸಿಬೆಲ್_ಲೆಕ್ಕ ಹಿಡಿದ 2 ಅಲ್ಲ.

ಅಳೆಯುವ ಕ್ರಮ: ಆಂಟೆನಾ ಬಿಚ್ಚಿ, ಕೇಬಲ್ ತುದಿಗೆ ಪವರ್ ಮೀಟರ್ ಹಾಕಿ ಅಲ್ಲಿಗೆ ಎಷ್ಟು ಮುಟ್ಟುತ್ತಿದೆ ನೋಡಿ (ಮೀಟರ್ ಮುಂದೆ 30 ಡಿಬಿ ಪವರ್ ಅಟೆನ್ಯುಯೇಟರ್ ಮರೆಯಬೇಡಿ, ಸೆನ್ಸರ್ ಸುಟ್ಟುಹೋಗುತ್ತದೆ). ಆಮೇಲೆ ನೆಟ್‌ವರ್ಕ್ ಅನಲೈಸರ್‌ನಿಂದ ಆಂಟೆನಾವನ್ನು ಅದರ ಕನೆಕ್ಟರ್‌ನಲ್ಲೇ ಅಳೆಯಿರಿ. ಬಾಗುವ ಜಾಗದಲ್ಲಿ ಕೇಬಲನ್ನು ಕೈಯಿಂದ ಅಲ್ಲಾಡಿಸುತ್ತಾ ಪರದೆ ನೋಡಿ. ಗೆರೆ ಜಿಗಿದರೆ ಕ್ರಿಂಪ್ ಸಡಿಲ. ಕಂಪನ ಇರುವ ಕಡೆ ಟಿಎನ್‌ಸಿ ಕನೆಕ್ಟರ್ ಒಳ್ಳೆಯದು. ಸ್ಟೇನ್‌ಲೆಸ್ ಎಸ್‌ಎಂಎ ಇದ್ದರೆ ಟಾರ್ಕ್ ವ್ರೆಂಚ್‌ನಲ್ಲಿ ಸುಮಾರು 0.9 ನ್ಯೂಟನ್-ಮೀಟರ್, ಬೆರಳ ಬಿಗಿ ಸಾಲದು.

ಬ್ಲೇಡ್‌ನ ಬುಡಕ್ಕೂ ವಿಮಾನದ ಮೈಗೂ ನಡುವಿನ ಬಾಂಡಿಂಗ್ ರೋಧ 2.5 ಮಿಲಿಓಮ್ ಒಳಗಿರಬೇಕು. ಬಣ್ಣದ ಮೇಲೆಯೇ ಆಂಟೆನಾ ಕೂರಿಸಿದ್ದರೆ ಪ್ಯಾಟರ್ನ್ ಕೆಡುತ್ತದೆ. ಕಾಂಪೊಸಿಟ್ ಮೈ ಆದರೆ ಒಳಗಡೆ ತಾಮ್ರದ ಜಾಲರಿ ಹಾಕಿ ನೆಲತಲ ಮಾಡಿಕೊಡಬೇಕು, ಆಂಟೆನಾ ಸುತ್ತ ಕನಿಷ್ಠ ಒಂದು ತರಂಗಾಂತರದಷ್ಟು.

ಫೀಡ್_ಪೆಟ್ಟಿಗೆ:
ನೆಲದ ಕಡೆ 200 ಕೆಲ್ವಿನ್ ಅನ್ನುವುದು ಊಹೆ, ಅಳೆದದ್ದಲ್ಲ. ಎಲ್‌ಎನ್‌ಎ (ಕಡಿಮೆ ಶಬ್ದದ ಮೊದಲ ಆಂಪ್ಲಿಫೈಯರ್) ಎಲ್ಲಿದೆ ಅನ್ನುವುದರ ಮೇಲೆ ಅದು ನಿಂತಿದೆ. ಕೆಳ ಕೋನದಲ್ಲಿ ಆಂಟೆನಾ ತಾಪ 100 ಕೆಲ್ವಿನ್, ಎಲ್‌ಎನ್‌ಎ ನಾಯ್ಸ್ ಫಿಗರ್ (ಅದು ತಾನೇ ಸೇರಿಸುವ ಶಬ್ದದ ಅಳತೆ) 0.7 ಡಿಬಿ ಅಂತಿಟ್ಟುಕೊಳ್ಳಿ. ಅದರ ಮುಂದೆ 0.5 ಡಿಬಿ ನಷ್ಟ ಇದ್ದರೆ ಒಟ್ಟು 192 ಕೆಲ್ವಿನ್. ಅದೇ 2 ಡಿಬಿ ನಷ್ಟ ಇದ್ದರೆ 350. ಕೇಬಲ್‌ನಲ್ಲಿ ಒಂದೂವರೆ ಡಿಬಿ, ಜಿ/ಟಿಯಲ್ಲಿ 2.6 ಡಿಬಿ! ಫೀಡ್ ಹಿಂದೆಯೇ ಎಲ್‌ಎನ್‌ಎ ಕೂರಿಸಿ, 30 ಡಿಬಿ ಗೇನ್ ಸಿಕ್ಕ ಮೇಲೆ ಕೆಳಗಿನ ಉದ್ದ ಕೇಬಲ್‌ನ 6 ಡಿಬಿ ಲೆಕ್ಕಕ್ಕೆ ಬರುವುದಿಲ್ಲ.

ಅಳೆಯುವುದಕ್ಕೆ ಸೂರ್ಯ ಇದ್ದಾನೆ. ಎಜಿಸಿಯನ್ನು ಮ್ಯಾನುವಲ್‌ಗೆ ಹಾಕಿ, ಡಿಶ್ಶನ್ನು ಸೂರ್ಯನಿಗೆ ಹಿಡಿದು ಐಎಫ್ (ರಿಸೀವರ್ ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ) ಪವರ್ ಬರೆದುಕೊಳ್ಳಿ. ಅದೇ ಎಲಿವೇಷನ್‌ನಲ್ಲಿ ಅಜಿಮತ್ ಪಕ್ಕಕ್ಕೆ ಸರಿಸಿ ಬರಿ ಆಕಾಶದ ಪವರ್ ಬರೆದುಕೊಳ್ಳಿ. ಎರಡರ ಅನುಪಾತವೇ ವೈ. ಆ ದಿನದ ಸೌರ ಫ್ಲಕ್ಸನ್ನು 1415 ಮತ್ತು 2695 ಮೆಗಾಹರ್ಟ್ಸ್ ಮೌಲ್ಯಗಳ ನಡುವೆ ನಿಮ್ಮ ಫ್ರೀಕ್ವೆನ್ಸಿಗೆ ಹೊಂದಿಸಿಕೊಳ್ಳಿ. ಫ್ಲಕ್ಸ್ 100 ಯೂನಿಟ್ ಇದ್ದು ಜಿ/ಟಿ 9.5 ಆದರೆ ವೈ ಸುಮಾರು 7.5 ಡಿಬಿ ಬರಬೇಕು. 5 ಬಂದರೆ ಎಲ್ಲೋ ನೀರು ಹೊಕ್ಕಿದೆ ಅಥವಾ ಎಲ್‌ಎನ್‌ಎ ಸತ್ತಿದೆ. ಎರಡೂ ಧ್ರುವೀಕರಣಕ್ಕೆ ಬೇರೆಬೇರೆ ಮಾಡಿ. ಒಂದು ಡಿಬಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದು ಕಡೆ ಕಾಯಿಲೆ ಇದೆ. ನೆತ್ತಿಯ ಸೂರ್ಯನಲ್ಲಿ ಅಳೆದ ಜಿ/ಟಿ ದಿಗಂತದಲ್ಲಿ ಸಿಗುವುದಿಲ್ಲ, ಅಲ್ಲಿ ನೆಲದ ಶಾಖವೂ ಫೀಡ್‌ಗೆ ಬೀಳುತ್ತದೆ.

ನೆಲಕೇಂದ್ರ:
ಎಲ್‌ಎನ್‌ಎ ಫೀಡ್‌ನಲ್ಲೇ ಇದೆ. ಹಳೆಯ ರೆಕಾರ್ಡ್ ತೆಗೆದು ನೋಡಿದೆ: ತಿರುವಿನಲ್ಲಿ ಎರಡೂ ಚಾನೆಲ್‌ಗಳ ಎಜಿಸಿ ಒಟ್ಟಿಗೆ ಬೀಳುತ್ತದೆ. ಆದರೆ ಕೆಲವು ಕಡೆ ಬಲಚಾನೆಲ್ ಚೆನ್ನಾಗಿದೆ, ಎಡದ್ದು ಸತ್ತಿದೆ, ಆಗಲೂ ಕಂಬೈನರ್ ಔಟ್‌ಪುಟ್‌ನಲ್ಲಿ ದೋಷ ಬರುತ್ತಿದೆ. ಎಜಿಸಿ ಟೈಮ್ ಕಾನ್‌ಸ್ಟಂಟ್ (ಸ್ಪಂದಿಸಲು ತೆಗೆದುಕೊಳ್ಳುವ ಹೊತ್ತು) 100 ಮಿಲಿಸೆಕೆಂಡ್‌ನಲ್ಲಿದೆ. ಐಎಫ್ ಫಿಲ್ಟರ್ 20 ಮೆಗಾಹರ್ಟ್ಸ್.

ಕಂಬೈನರ್_ಕಾವಲು:
ಐಎಫ್ 20 ಏಕೆ? 5 ಮೆಗಾಬಿಟ್ ಪಿಸಿಎಂ/ಎಫ್‌ಎಂನ ಶೇಕಡಾ 99 ಪವರ್ 1.16 ಪಟ್ಟು ಅಗಲದಲ್ಲಿ, 5.8 ಮೆಗಾಹರ್ಟ್ಸ್‌ನಲ್ಲಿ ಮುಗಿಯುತ್ತದೆ. 6 ಅಥವಾ 7ರ ಫಿಲ್ಟರ್ ಹಾಕಿ. 20ರಲ್ಲಿ ಇಟ್ಟರೆ ಎಫ್‌ಎಂ ಡಿಮಾಡ್ಯುಲೇಟರ್ ಬೇಡದ ಶಬ್ದವನ್ನೆಲ್ಲ ಒಳಗೆ ಬಿಟ್ಟುಕೊಂಡು ತ್ರೆಶೋಲ್ಡ್ ಬೇಗ ಮುರಿಯುತ್ತದೆ. ಹಾಗೇ ಟ್ರಾನ್ಸ್‌ಮಿಟರ್‌ನ ಡೀವಿಯೇಷನ್ (ಫ್ರೀಕ್ವೆನ್ಸಿ ಎಷ್ಟು ಸರಿಯುತ್ತದೆ ಅನ್ನುವುದು) ಬಿಟ್ ದರದ 0.35 ಪಟ್ಟು, ಅಂದರೆ 1.75 ಮೆಗಾಹರ್ಟ್ಸ್ ಇದೆಯೇ ಪರೀಕ್ಷಿಸಿ. ಬಿಟ್ ದರ ಬದಲಿಸಿದವರು ಡೀವಿಯೇಷನ್ ಬದಲಿಸದೆ ಬಿಡುವುದು ಬಹಳ ಸಾಮಾನ್ಯ. ಟ್ರೆಲಿಸ್ ಡಿಮಾಡ್ಯುಲೇಟರ್ (ಹಲವು ಬಿಟ್ ಒಟ್ಟಿಗೆ ನೋಡಿ ತೀರ್ಮಾನಿಸುವಂಥದ್ದು) ಎರಡು-ಮೂರು ಡಿಬಿ ಲಾಭ ಕೊಡುತ್ತದೆ, ಆದರೆ ಡೀವಿಯೇಷನ್ ಸರಿಯಿದ್ದರಷ್ಟೇ.

ಕಂಬೈನರ್ ವಿಷಯ. ಎಜಿಸಿ ನೋಡಿ ತೂಕ ಹಾಕುವ ಕಂಬೈನರ್‌ಗೆ ಎರಡೂ ರಿಸೀವರ್ ಒಂದೇ ಅಳತೆಗೋಲಿನಲ್ಲಿ ಮಾತಾಡಬೇಕು. ಡಿಶ್ಶನ್ನು ಬರಿ ಆಕಾಶಕ್ಕೆ ಹಿಡಿದು ಎರಡರಲ್ಲೂ ಎಜಿಸಿ ಝೀರೋ ಮಾಡಿ. ಸಿಗ್ನಲ್ ಜನರೇಟರ್‌ನಿಂದ ಎಲ್‌ಎನ್‌ಎ ಮುಂದಿನ ಟೆಸ್ಟ್ ಕಪ್ಲರ್ ಮೂಲಕ 10 ಡಿಬಿ ಮೆಟ್ಟಿಲುಗಳಲ್ಲಿ ಏರಿಸುತ್ತಾ ಎರಡರ ಓದು ಹೋಲಿಸಿ. ಸತ್ತ ಚಾನೆಲ್ "ನಾನು ಚೆನ್ನಾಗಿದ್ದೇನೆ" ಎಂದು 10 ಡಿಬಿ ಸುಳ್ಳು ಹೇಳಿದರೆ ಅದರ ಶಬ್ದ ಒಳ್ಳೆಯ ಚಾನೆಲ್‌ಗೆ ಬೆರೆಯುತ್ತದೆ. ನಿಮಗೆ ಆಗುತ್ತಿರುವುದು ಇದೇ.

100 ಮಿಲಿಸೆಕೆಂಡ್ ಕೂಡ ಪಾಲುದಾರ. ನಲ್ ಹತ್ತಾರು ಮಿಲಿಸೆಕೆಂಡಿನದು ಅಂತಾಯಿತಲ್ಲ. ಎಜಿಸಿ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಅದು ಮುಗಿದಿರುತ್ತದೆ, ಕಂಬೈನರ್ ಹಳೆಯ ತೂಕದಲ್ಲೇ ಕೂತಿರುತ್ತದೆ. 1 ಮಿಲಿಸೆಕೆಂಡ್‌ಗೆ ಇಳಿಸಿದರೆ ಇನ್ನೊಂದು ತಲೆನೋವು: ಕಾನ್‌ಸ್ಕ್ಯಾನ್ 30 ಹರ್ಟ್ಸ್ ಆದರೆ ಒಂದು ಸುತ್ತು 33 ಮಿಲಿಸೆಕೆಂಡ್, ಆ ಎಎಂ (ಸಿಗ್ನಲ್ ಮಟ್ಟದ) ಏರಿಳಿತವನ್ನೇ ವೇಗದ ಎಜಿಸಿ ಸಪಾಟು ಮಾಡಿ ನುಂಗಿಬಿಡುತ್ತದೆ, ಡಿಶ್‌ಗೆ ದಿಕ್ಕು ತಪ್ಪುತ್ತದೆ. ರಿಸೀವರ್‌ನಲ್ಲಿ ಎಎಂ ಔಟ್‌ಪುಟ್‌ಗೆ ಎಜಿಸಿ ಪರಿಹಾರ ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ, ಆಗ 1 ಮಿಲಿಸೆಕೆಂಡ್ ನಡೆಯುತ್ತದೆ. ಇಲ್ಲದಿದ್ದರೆ ಟ್ರ್ಯಾಕಿಂಗ್‌ಗೆ ಬೇರೆ ರಿಸೀವರ್ ಇಟ್ಟು ಅದನ್ನು 100ರಲ್ಲೇ ಬಿಡಿ.

ಕೆಳಕೋನ:
3 ಡಿಗ್ರಿಗಿಂತ ಕೆಳಗಿನ ಕಥೆ ಬೇರೆ. ನಿಮ್ಮ ಡಿಶ್ ಬೀಮ್ ಅಗಲ ಸುಮಾರು 3.9 ಡಿಗ್ರಿ, ಆ ಎತ್ತರದಲ್ಲಿ ಬೀಮ್‌ನ ಕೆಳಭಾಗ ನೆಲ ಮುಟ್ಟುತ್ತದೆ. ಡಿಶ್‌ಗೆ ಎರಡು ವಿಮಾನ ಕಾಣುತ್ತವೆ: ನಿಜದ್ದು, ನೆಲದಡಿಯ ಪ್ರತಿಬಿಂಬ. ಎಲಿವೇಷನ್ ಅವೆರಡರ ನಡುವೆ ತೂಗಾಡುತ್ತದೆ. ಪರಿಹಾರ ಸರಳ, ಆ ಕೋನದ ಕೆಳಗೆ ಎಲಿವೇಷನ್ ಆಟೋಟ್ರ್ಯಾಕ್ (ಸಿಗ್ನಲ್ ಹಿಂದೆ ಡಿಶ್ ತಾನೇ ತಿರುಗುವುದು) ಬಿಡಿಸಿ ಬೀಮ್‌ನ ಅರ್ಧದಷ್ಟು, ಸುಮಾರು 2 ಡಿಗ್ರಿಯಲ್ಲಿ ಲಾಕ್ ಮಾಡಿ. ಅಜಿಮತ್ ಮಾತ್ರ ಆಟೋದಲ್ಲಿರಲಿ. ಟೆಲಿಮೆಟ್ರಿಯಲ್ಲೇ ಬರುವ ಜಿಪಿಎಸ್ ಸ್ಥಾನದಿಂದ ಡಿಶ್ಶನ್ನು ನಡೆಸಬಹುದು, ಆದರೆ ಡೇಟಾ ಹೋದ ಕೂಡಲೇ ದಿಕ್ಕೂ ಹೋಗುತ್ತದೆ. ರೇಡಾರ್‌ನಿಂದ ಬಂದರೆ ವಾಸಿ.

ನಿಧಾನದ ಏರಿಳಿತಕ್ಕೆ ಕಾರಣ ನೇರ ಕಿರಣ ಮತ್ತು ನೆಲದಿಂದ ಪುಟಿದ ಕಿರಣ. ದಾರಿಯ ವ್ಯತ್ಯಾಸ = 2 × ವಿಮಾನದ ಎತ್ತರ × ಡಿಶ್ ಎತ್ತರ ÷ ದೂರ. 300 ಮೀಟರ್, 10 ಮೀಟರ್, 20 ಕಿಲೋಮೀಟರ್ ಹಾಕಿದರೆ 30 ಸೆಂಟಿಮೀಟರ್, ಅಂದರೆ 1 ನ್ಯಾನೊಸೆಕೆಂಡ್. ನಿಮ್ಮ ಬಿಟ್ 200 ನ್ಯಾನೊಸೆಕೆಂಡ್ ಉದ್ದ. ಹಾಗಾಗಿ ಇಡೀ ಚಾನೆಲ್ ಒಟ್ಟಿಗೆ ಮುಳುಗುತ್ತದೆ, ಈಕ್ವಲೈಸರ್‌ಗೆ (ಪುಟಿದ ಕಿರಣ ಕೆಡಿಸಿದ ಸಿಗ್ನಲ್ ಸರಿಮಾಡುವ ಭಾಗ) ತಿದ್ದುವುದಕ್ಕೆ ಏನೂ ಸಿಗುವುದಿಲ್ಲ. ಬೇರೆ ಎತ್ತರದಲ್ಲಿ ಎರಡನೇ ಆಂಟೆನಾ ಇಟ್ಟರೆ ಒಂದು ಮುಳುಗಿದಾಗ ಇನ್ನೊಂದು ತೇಲುತ್ತದೆ. 3.7 ಮೀಟರ್ ಡಿಶ್‌ನ ದುಡ್ಡು ಈ ಎರಡನೇ, ಚಿಕ್ಕ ಆಂಟೆನಾಗೆ ಸಾರ್ಥಕ.

ಏಪ್ರನ್ ಮೇಲೆ ಉಲ್ಟಾ. ಹ್ಯಾಂಗರ್ ಗೋಡೆಯಿಂದ ಪುಟಿದು 60 ಮೀಟರ್ ಬಳಸಿ ಬಂದ ಸಿಗ್ನಲ್ 200 ನ್ಯಾನೊಸೆಕೆಂಡ್ ತಡ, ಸರಿಯಾಗಿ ಒಂದು ಬಿಟ್. ಎಜಿಸಿ ತುಂಬಿದೆ, ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದರೆ ಗುಡ್ಡದ ನಡುವೆ ಕಚ್ಚಿದಂತೆ ಒಂದು ಹಳ್ಳ. ಇಲ್ಲಿ ಅಡಾಪ್ಟಿವ್ ಈಕ್ವಲೈಸರ್ ಆನ್ ಮಾಡಿ, ತಕ್ಷಣ ವ್ಯತ್ಯಾಸ ಕಾಣುತ್ತದೆ. ದೂರದಲ್ಲಿ ಸಿಗ್ನಲ್ ಕ್ಷೀಣಿಸಿದಾಗ ಆಫ್ ಮಾಡಿ, ಅಲ್ಲಿ ಅದು ಶಬ್ದ ಹೆಚ್ಚಿಸುತ್ತದೆ.

ಶೂನ್ಯ_ದೋಷ:
ಏಪ್ರನ್ ಮೇಲೆ ಇನ್ನೊಂದು ಬಲೆ, ಸೈಡ್‌ಲೋಬ್ (ಮುಖ್ಯ ಬೀಮ್ ಪಕ್ಕದ ಚಿಕ್ಕ ಬೀಮ್). ಅಷ್ಟು ಹತ್ತಿರದಲ್ಲಿ ಮುಖ್ಯ ಬೀಮ್‌ಗಿಂತ 20 ಡಿಬಿ ಕೆಳಗಿನ ಲೋಬ್ ಕೂಡ ಬೇಕಾದಷ್ಟು ಸಿಗ್ನಲ್ ಹಿಡಿಯುತ್ತದೆ, ಡಿಶ್ ಅದರ ಮೇಲೇ ಲಾಕ್ ಆಗಿ ಕೂರುತ್ತದೆ. ಟೇಕಾಫ್ ಆಗಿ 30 ಕಿಲೋಮೀಟರ್ ದಾಟಿದ ಮೇಲೆ ಸದ್ದಿಲ್ಲದೆ 20 ಡಿಬಿ ಕಮ್ಮಿ. ನಿಂತ ವಿಮಾನದ ಸರ್ವೆ ಮಾಡಿದ ಅಜಿಮತ್ ಗೊತ್ತಿರಲಿ, ಡಿಶ್ ತೋರಿಸುವುದಕ್ಕೂ ಅದಕ್ಕೂ ಹೋಲಿಸಿ ಆಮೇಲೆ ಆಟೋಟ್ರ್ಯಾಕ್ ಒತ್ತಿ.

ನೆಲಕೇಂದ್ರ:
ಅನಲೈಸರ್‌ನಲ್ಲಿ ಹಳ್ಳ ಕಂಡಿತು, ಹೇಳಿದಂತೆಯೇ. ಈಕ್ವಲೈಸರ್ ಆನ್ ಮಾಡಿದರೆ ಲಾಕ್ ನಿಲ್ಲುತ್ತದೆ. ಆದರೆ ಹಾಗೇ ಒಂದು ದಿಕ್ಕಿಗೆ ಡಿಶ್ ತಿರುಗಿಸಿದಾಗ ನಮ್ಮ ಚಾನೆಲ್ ಒಳಗೆ ಸಣ್ಣ ಸಣ್ಣ ಮುಳ್ಳುಗಳು ಏಳುತ್ತವೆ, ವಿಮಾನ ಆಫ್ ಇದ್ದಾಗಲೂ. ಆ ದಿಕ್ಕಿನಲ್ಲಿ ಮೊಬೈಲ್ ಟವರ್ ಇದೆ.

ಫೀಡ್_ಪೆಟ್ಟಿಗೆ:
2300-2400 ಮೆಗಾಹರ್ಟ್ಸ್‌ನಲ್ಲಿ ಎಲ್‌ಟಿಇ (4ಜಿ ಮೊಬೈಲ್) ಇರುವ ಕಡೆ ಇದು ಮಾಮೂಲು. ಮುಳ್ಳು ಹೊರಗಿನಿಂದ ಬರುತ್ತಿದೆಯೋ, ನಿಮ್ಮ ಎಲ್‌ಎನ್‌ಎ ಒಳಗೇ ಹುಟ್ಟುತ್ತಿದೆಯೋ ಮೊದಲು ತಿಳಿಯಿರಿ. ಎಲ್‌ಎನ್‌ಎ ಮುಂದೆ 3 ಡಿಬಿ ಅಟೆನ್ಯುಯೇಟರ್ ಸೇರಿಸಿ. ಮುಳ್ಳು 3 ಡಿಬಿ ಮಾತ್ರ ಇಳಿದರೆ ಅದು ಗಾಳಿಯಲ್ಲೇ ಇದೆ, ಫಿಲ್ಟರ್‌ನಿಂದ ಹೋಗದು. ಫ್ರೀಕ್ವೆನ್ಸಿ ಸಮನ್ವಯದವರ ಬಳಿ ಹೋಗಬೇಕು. ಸುಮಾರು 9 ಡಿಬಿ ಇಳಿದರೆ ಮೂರನೇ ದರ್ಜೆಯ ಇಂಟರ್‌ಮಾಡ್ಯುಲೇಷನ್, ಎಲ್‌ಎನ್‌ಎ ಹೊರೆ ತಾಳದೆ ಹುಟ್ಟಿಸಿದ್ದು. ಆಗ ಎಲ್‌ಎನ್‌ಎ ಮುಂದೆ 2200-2290 ಹಾಯಿಸುವ ಕ್ಯಾವಿಟಿ ಫಿಲ್ಟರ್ ಹಾಕಿ, 0.3ರಿಂದ 0.5 ಡಿಬಿ ನಷ್ಟದ್ದು. ಇಲ್ಲಿ ಮಾತ್ರ ಎಲ್‌ಎನ್‌ಎ ಮುಂದಿನ ನಷ್ಟವನ್ನು ಒಪ್ಪಿಕೊಳ್ಳಬೇಕು. ಅಗ್ಗದ ಮೈಕ್ರೊಸ್ಟ್ರಿಪ್ ಫಿಲ್ಟರ್ ಹಾಕಿ 2 ಡಿಬಿ ಕಳೆದುಕೊಂಡರೆ ಲೆಕ್ಕ ಮತ್ತೆ 350 ಕೆಲ್ವಿನ್‌ಗೆ ಬಂದು ನಿಲ್ಲುತ್ತದೆ.

ಡೆಸಿಬೆಲ್_ಲೆಕ್ಕ:
ಹಾಗಾದರೆ ಕ್ರಮ: ಐಎಫ್ ಫಿಲ್ಟರ್ ಮತ್ತು ಎಜಿಸಿ ಇವತ್ತೇ, ಖರ್ಚಿಲ್ಲ. ವಿಮಾನದ ಕೇಬಲ್ ತುದಿಯ ಪವರ್ ಅಳತೆ ಮುಂದಿನ ತಪಾಸಣೆಯಲ್ಲಿ, ಅದರ ಜೊತೆಗೇ ಕಪ್ಲರ್ ಬದಲಾವಣೆ. ಕೇಬಲ್ ನಷ್ಟ ನಿಜಕ್ಕೂ 5 ಡಿಬಿ ಬಂದರೆ ನನ್ನ ಮಾರ್ಜಿನ್‌ನಿಂದ 3 ಕಳೆದು ಮತ್ತೆ ಬರೆಯಿರಿ. ಆಗ ಮೊದಲು ಕೊಳ್ಳಬೇಕಾದ್ದು ಕಡಿಮೆ ನಷ್ಟದ ಕೇಬಲ್. ಅದು ಬಾಗಬಹುದಾದ ಕನಿಷ್ಠ ತ್ರಿಜ್ಯ ನಿಮ್ಮ ಬಲ್ಕ್‌ಹೆಡ್ ತಿರುವಿಗೆ ಹೊಂದುತ್ತದೆಯೇ ನೋಡಿಕೊಂಡು ಆರ್ಡರ್ ಮಾಡಿ.

ಟಿಎನ್‌ಸಿ_ಬಿಗಿ:
ಕಪ್ಲರ್ ಬದಲಿಸಿದ ಮೇಲೆ ಎರಡೂ ಆಂಟೆನಾ ತುದಿಯಲ್ಲಿ ಪವರ್ ಮತ್ತೊಮ್ಮೆ ಅಳೆಯಿರಿ. ಪೋರ್ಟ್ ಅದಲುಬದಲಾಗಿ ಶೇಕಡಾ 90 ಬೆನ್ನಿಗೆ ಹೋಗಿದ್ದರೆ ನೆಲದಲ್ಲಿ ಗೊತ್ತೇ ಆಗುವುದಿಲ್ಲ, ಏಪ್ರನ್ ಮೇಲೆ ಸಿಗ್ನಲ್ ಎರಡೂ ರೀತಿಯಲ್ಲಿ ಭರ್ಜರಿಯೇ.